ನೂರರವರೆಗೆ ಎಣಿಸುವ ಮಗುವಿಗೆ ‘ಎಷ್ಟು ಹೆಚ್ಚು’ ಎಂಬುದು ಏಕೆ ತಿಳಿಯುವುದಿಲ್ಲ?

ಪ್ರಶ್ನೆ: ಯುಕೆಜಿ ಅಮ್ಮ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಐದೂವರೆ ವರ್ಷ. ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರಲ್ಲಿ ಯುಕೆಜಿ ಓದುತ್ತಿದ್ದಾಳೆ. ಮನೆಯಲ್ಲಿ ನಾವೆಲ್ಲ ಕನ್ನಡವನ್ನೇ ಆಡುತ್ತೇವೆ, ಅತ್ತೆಯವರೂ ನಮ್ಮ ಜೊತೆಗಿದ್ದಾರೆ. ಒಂದರಿಂದ ನೂರರವರೆಗೆ ಎರಡೂ ಭಾಷೆಗಳಲ್ಲಿ ಎಲ್ಲಿಯೂ ತಡವರಿಸದೆ ಹೇಳುವ ಮಗು ಲೆಕ್ಕದಲ್ಲಿ ಚುರುಕಾಗಿದೆ ಎಂದೇ ಇಷ್ಟು ದಿನ ನಂಬಿದ್ದೆ. ಹೋದ ವಾರ ಆ ನಂಬಿಕೆ ಅಲುಗಾಡಿತು.

ಹುರಿದ ಕಡಲೆಕಾಯಿ ಬಿಡಿಸುತ್ತ ಕುಳಿತಿದ್ದೆವು. ಅವಳ ಮುಂದೆ ಎಂಟು ಬೀಜ, ನನ್ನ ಮುಂದೆ ಐದು. ಸುಮ್ಮನೆ ಆಟಕ್ಕೆಂದು “ನನ್ನದಕ್ಕಿಂತ ನಿನ್ನದು ಎಷ್ಟು ಹೆಚ್ಚಿದೆ, ಹೇಳು” ಎಂದೆ. ಒಂದೊಂದನ್ನೇ ಮುಟ್ಟಿ ಎಣಿಸಿ “ಎಂಟು” ಎಂದಳು. ನಾನು ಪ್ರಶ್ನೆಯನ್ನೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕೇಳಿದೆ. ಮತ್ತೆ ಎಣಿಸಿ, ಮತ್ತೆ “ಎಂಟು” ಎಂದು ನನ್ನ ಮುಖ ನೋಡಿದಳು. ಅಂದು ರಾತ್ರಿ ಪುಸ್ತಕ ತೆಗೆದು, ಆರು ಮತ್ತು ಒಂಬತ್ತರಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ ಆರನ್ನು ತೋರಿಸಿದಳು. ಆ ಪುಟದಲ್ಲಿ ಆರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು ಎಂಬುದು ಆಮೇಲೆ ನನಗೆ ಹೊಳೆಯಿತು. ಏಳರ ಹಿಂದಿನ ಸಂಖ್ಯೆ ಯಾವುದು ಎಂದರೆ ಒಂದರಿಂದ ಶುರುಮಾಡಿ ಏಳರವರೆಗೆ ಬಂದು, ಅಲ್ಲಿ ನಿಲ್ಲಲಾರದೆ ಎಂಟಕ್ಕೂ ಹೋಗಿಬಿಡುತ್ತಾಳೆ.

ಶಾಲೆಯಿಂದ ‘ಬಿಫೋರ್, ಆಫ್ಟರ್, ಬಿಟ್ವೀನ್’, ‘ಗ್ರೇಟರ್, ಲೆಸ್ಸರ್’ ಎಂಬ ಹಾಳೆಗಳು ವಾರಕ್ಕೆ ಎರಡು ಬರುತ್ತವೆ. ಮನೆಯಲ್ಲಿಯೂ ಲೆಕ್ಕದ ಮಾತನ್ನು ಇಂಗ್ಲಿಷಿನಲ್ಲೇ ಆಡಿದರೆ ಮಗುವಿಗೆ ಗೊಂದಲವಾಗುವುದಿಲ್ಲ ಎಂದು ಅಲ್ಲಿಯ ಟೀಚರ್ ಡೈರಿಯಲ್ಲಿ ಬರೆದು ಕಳುಹಿಸಿದ್ದಾರೆ. ಅತ್ತೆಯವರು ಮಾತ್ರ “ವಯಸ್ಸಿಗೆ ಬಂದರೆ ತಾನೇ ತಿಳಿಯುತ್ತದೆ, ಮಗುವನ್ನು ಹಿಂಡಬೇಡ” ಎನ್ನುತ್ತಾರೆ. ಈ ವಯಸ್ಸಿನ ಮಕ್ಕಳಿಗೆ ಗಣಿತದ ಯಾವ ಪದಗಳು ತಿಳಿದಿರಬೇಕು, ಅವನ್ನು ಕನ್ನಡದಲ್ಲಿ ಕಲಿಸಬೇಕೇ ಇಂಗ್ಲಿಷಿನಲ್ಲೇ, ಪದಗಳ ಕಾರ್ಡು ಮಾಡಿ ಬಾಯಿಪಾಠ ಮಾಡಿಸುವುದರಿಂದ ಉಪಯೋಗವಿದೆಯೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ನಲಿಕಲಿ ಟೀಚರ್, ಹಾವೇರಿ ಜಿಲ್ಲೆ

ನಮಸ್ಕಾರ ಮೇಡಂ. ನಾನು ಸರಕಾರಿ ಶಾಲೆಯಲ್ಲಿ ನಲಿಕಲಿ ತರಗತಿಗೆ ಪಾಠ ಮಾಡುತ್ತೇನೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ನಿಮ್ಮ ಮಗಳಂಥ ಮಕ್ಕಳು ನನಗೆ ಪ್ರತಿ ವರ್ಷ ಸಿಗುತ್ತಾರೆ, ಆದ್ದರಿಂದ ಮೊದಲು ಗಾಬರಿ ಬಿಡಿ.

ಸಂಖ್ಯೆಗಳ ಹೆಸರನ್ನು ಸಾಲಾಗಿ ಹೇಳುವುದು ಒಂದು ವಿದ್ಯೆ, ಎಣಿಸಿದಾಗ ಕೊನೆಗೆ ಹೇಳಿದ ಹೆಸರೇ ‘ಒಟ್ಟು ಎಷ್ಟು’ ಎಂಬುದಕ್ಕೆ ಉತ್ತರ ಎಂದು ಅರಿಯುವುದು ಇನ್ನೊಂದು ವಿದ್ಯೆ. ಹತ್ತರವರೆಗೆ ಹಾಡಿನಂತೆ ಹೇಳುವ ಮೂರು ವರ್ಷದ ಮಗುವಿಗೆ “ನನಗೆ ನಾಲ್ಕು ಕೊಡು” ಎಂದರೆ ಅದು ಒಂದು ಹಿಡಿ ಬಾಚಿ ಕೊಡುತ್ತದೆ. ಇದನ್ನು ಕ್ಯಾರೆನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ 1990ರ ಸುಮಾರಿಗೆ ವಿವರವಾಗಿ ತೋರಿಸಿಕೊಟ್ಟರು. ನಿಮ್ಮ ಮಗಳು ಒಂದೊಂದನ್ನೇ ಮುಟ್ಟಿ ಎಣಿಸಿ ಎಂಟು ಎಂದಿದ್ದಾಳೆ ಎಂದರೆ ಆ ಮೆಟ್ಟಿಲನ್ನು ಬಹುಶಃ ದಾಟಿದ್ದಾಳೆ. ಖಚಿತಪಡಿಸಿಕೊಳ್ಳಬೇಕೆಂದಿದ್ದರೆ ಡಬ್ಬಿಯಿಂದ ಏಳು ಬೀಜ ತೆಗೆದುಕೊಡು ಎಂದು ಕೇಳಿ ನೋಡಿ, ಸಾಕು. ಅವಳು ಎಡವಿದ್ದು ಲೆಕ್ಕದಲ್ಲಲ್ಲ, ನೀವು ಕೇಳಿದ ವಾಕ್ಯದಲ್ಲಿ.

ಈ ಬಗ್ಗೆ 1983ರಲ್ಲಿ ಅಮೆರಿಕದ ಟಾಮ್ ಹಡ್ಸನ್ ಎಂಬವರು ಪ್ರಕಟಿಸಿದ ಒಂದು ಪ್ರಯೋಗವಿದೆ. ತರಬೇತಿಯೊಂದರಲ್ಲಿ ಕೇಳಿದ ದಿನದಿಂದ ನಾನು ಅದನ್ನು ಮರೆತಿಲ್ಲ. ಮಕ್ಕಳಿಗೆ ಐದು ಹಕ್ಕಿ, ಮೂರು ಹುಳುಗಳಂಥ ಚಿತ್ರಗಳನ್ನು ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚಿವೆ ಎಂದು ಕೇಳಿದಾಗ, ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಸುಮಾರು ಕಾಲುಭಾಗದವರು ಮಾತ್ರ ಸರಿಯುತ್ತರ ಕೊಟ್ಟರು. ಅದೇ ಚಿತ್ರವನ್ನಿಟ್ಟು, ಹಕ್ಕಿಗಳೆಲ್ಲ ಒಂದೊಂದು ಹುಳು ಹಿಡಿಯಲು ಓಡಿದರೆ ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ ಎಂದು ಕೇಳಿದರೆ ಹೆಚ್ಚೂಕಡಿಮೆ ಎಲ್ಲರೂ ಸರಿಯಾಗಿ ಹೇಳಿದರು. ಮಕ್ಕಳೂ ಅವರೇ, ಲೆಕ್ಕವೂ ಅದೇ, ಕೇಳಿದ ಮಾತು ಮಾತ್ರ ಬೇರೆ. ನೀವೂ ಇಂದು ಸಂಜೆ “ನನಗೂ ನಿನ್ನಷ್ಟೇ ಆಗಬೇಕಾದರೆ ಇನ್ನೆಷ್ಟು ಬೀಜ ಬೇಕು?” ಎಂದು ಕೇಳಿ ನೋಡಿ.

ಕನ್ನಡದಲ್ಲಿ ನಮಗೆ ಇನ್ನೂ ಒಂದು ತೊಡಕಿದೆ. ಹೋದ ವರ್ಷ ಎರಡನೆಯ ತರಗತಿಯ ಹುಡುಗಿಯೊಬ್ಬಳಿಗೆ “ಎಂಟಕ್ಕಿಂತ ಮೂರು ಕಡಿಮೆ, ಎಷ್ಟು?” ಎಂದು ಕೇಳಿದೆ. ಅವಳು ತಲೆಯಾಡಿಸಿ “ಹೌದ್ರಿ ಟೀಚರ್, ಮೂರು ಕಡಿಮಿ” ಎಂದಳು. ಉಳಿದ ಮಕ್ಕಳು ನಕ್ಕರು, ನಾನೂ ನಕ್ಕೆ, ಆಮೇಲೆ ನಾಚಿಕೆಯಾಯಿತು, ಏಕೆಂದರೆ ಆ ವಾಕ್ಯಕ್ಕೆ ಅವಳು ಹಚ್ಚಿದ ಅರ್ಥವೂ ಸರಿಯೇ. ‘ಎಂಟಕ್ಕಿಂತ ಮೂರು ಕಡಿಮೆ’ ಎಂದರೆ ಎಂಟಕ್ಕೆ ಹೋಲಿಸಿದರೆ ಮೂರು ಎಂಬುದು ಚಿಕ್ಕ ಸಂಖ್ಯೆ ಎಂದೂ ಆಗುತ್ತದೆ, ಎಂಟರಲ್ಲಿ ಮೂರು ಹೋದರೆ ಬರುವ ಐದು ಎಂದೂ ಆಗುತ್ತದೆ. ದೊಡ್ಡವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಮಗುವಿಗೆ ಸಂದರ್ಭವನ್ನು ನಾವೇ ಕೊಡಬೇಕು.

ಹಾಗೆಯೇ ನಮ್ಮ ಕಡೆ ‘ಕೂಡಿಸು’ ಎಂದರೆ ಕೂಡ್ರಿಸು ಎಂದೂ ಅರ್ಥ. ಶಾಲೆಗೆ ಹೊಸದಾಗಿ ಬಂದ ಒಬ್ಬ ಹುಡುಗ, ಐದಕ್ಕೆ ಎರಡು ಕೂಡಿಸು ಎಂದಾಗ ಎರಡು ಹುಣಸೆ ಬೀಜಗಳನ್ನು ತಂದು ಐದರ ಪಕ್ಕದಲ್ಲಿ ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಲು ಹೆಣಗಿ, ಕೊನೆಗೆ “ಕೂಡವಲ್ವು ನೋಡ್ರಿ” ಎಂದ. ಅವನ ಉತ್ತರ ಏಳೇ ಆಗುತ್ತಿತ್ತು, ಅದು ಬೇರೆ ಮಾತು! ಅಂದಿನಿಂದ ನಾನು ಮೊದಲ ಎರಡು ತಿಂಗಳು ‘ಸೇರಿಸು’, ‘ಇನ್ನೆರಡು ಹಾಕು’, ‘ತೆಗೆ’, ‘ಉಳಿದದ್ದೆಷ್ಟು’ ಎಂಬ ಮಾತುಗಳಲ್ಲೇ ನಡೆಸುತ್ತೇನೆ. ಸಂಕಲನ, ವ್ಯವಕಲನ ಎಂಬ ಹೆಸರುಗಳು ಆಮೇಲೆ ಬಂದರೂ ಏನೂ ಕೊರತೆಯಾಗುವುದಿಲ್ಲ.

ಪದಗಳ ಕಾರ್ಡಿನ ಬಗ್ಗೆ ಕೇಳಿದ್ದೀರಿ. ವಸ್ತು ಕೈಯಲ್ಲಿಲ್ಲದೆ ಕಾರ್ಡು ತೋರಿಸಿ ಹೇಳಿಸಿದ ಪದ ಮಗುವಿಗೆ ಇನ್ನೊಂದು ಹಾಡು ಅಷ್ಟೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಗಣಿತಕ್ಕೆ ಮೊದಲು ಅನುಭವ, ಆಮೇಲೆ ಅದರ ಮಾತು, ಅನಂತರ ಚಿತ್ರ, ಕಟ್ಟಕಡೆಗೆ ಚಿಹ್ನೆ ಎಂಬ ಕ್ರಮವನ್ನೇ ಹೇಳುತ್ತದೆ. ಶಾಲೆಗಳಿಂದ ಬರುವ ಹಾಳೆಗಳಲ್ಲಿ ಬಹಳಷ್ಟು ಈ ಕ್ರಮವನ್ನು ತಲೆಕೆಳಗು ಮಾಡಿ ಚಿಹ್ನೆಯಿಂದಲೇ ಶುರುಮಾಡುತ್ತವೆ.

ಉತ್ತರ: ಎರಡು ಮಕ್ಕಳ ತಂದೆ, ವೈಟ್‌ಫೀಲ್ಡ್

ಮೇಲಿನ ಟೀಚರ್ ಹೇಳಿದ್ದನ್ನು ಗೌರವದಿಂದಲೇ ಓದಿದೆ, ಆದರೆ ಅವರ ತರಗತಿ ಕನ್ನಡ ಮಾಧ್ಯಮದ್ದು. ನಮ್ಮಂಥವರ ಮಕ್ಕಳು ನಾಳೆ ಪ್ರಶ್ನೆಪತ್ರಿಕೆಯನ್ನು ಇಂಗ್ಲಿಷಿನಲ್ಲಿಯೇ ಓದಬೇಕು. ನನ್ನ ದೊಡ್ಡ ಮಗನಿಗೆ ಮನೆಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹೇಳಿಕೊಟ್ಟೆವು; ಎರಡನೆಯ ತರಗತಿಯಲ್ಲಿ ‘ಹೌ ಮೆನಿ ಮೋರ್’, ‘ಹೌ ಮೆನಿ ಆರ್ ಲೆಫ್ಟ್’, ‘ಆಲ್ಟುಗೆದರ್’ ಎಂಬ ಮಾತುಗಳು ಬಂದಾಗ ಅವನು ಲೆಕ್ಕ ಗೊತ್ತಿದ್ದೂ ಬಿಟ್ಟು ಬಂದ. ಎರಡನೆಯವಳಿಗೆ ಮೊದಲಿನಿಂದ ಇಂಗ್ಲಿಷಿನಲ್ಲೇ ಹೇಳಿದೆವು, ಆ ತೊಂದರೆ ಬರಲಿಲ್ಲ. ನಾನು ಕನ್ನಡದ ವಿರೋಧಿಯಲ್ಲ, ಮನೆಯಲ್ಲಿ ಕಥೆ, ಹಾಡು ಎಲ್ಲ ಕನ್ನಡವೇ. ಆದರೆ ಒಂದು ವಿಷಯವನ್ನು ಎರಡು ಬಾರಿ ಕಲಿಸುವ ಶ್ರಮವನ್ನು ಮಗುವಿನ ಮೇಲೆ ಹೇರುವುದರಲ್ಲಿ ಅರ್ಥ ಕಾಣುವುದಿಲ್ಲ. ‘ಮೋರ್’ ಎಂದರೆ ಮೋರ್, ಅದನ್ನು ಬೀಜ ಇಟ್ಟೇ ಇಂಗ್ಲಿಷಿನಲ್ಲಿ ಕಲಿಸಬಹುದಲ್ಲ?

ಇನ್ನೊಂದು ಮಾತು. ಕಾರ್ಡುಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು. ಆಕಾರಗಳ ಹೆಸರು, ವಾರಗಳ ಹೆಸರು ಮುಂತಾದವು ಹೆಸರುಗಳೇ ತಾನೆ, ಅವನ್ನು ಕಾರ್ಡಿನಿಂದ ಕಲಿತರೆ ನಷ್ಟವೇನಿಲ್ಲ.

ಉತ್ತರ: ಅಪ್ಪ, ನ್ಯೂಜೆರ್ಸಿ

ನಮ್ಮ ಮನೆಯ ಪರಿಸ್ಥಿತಿ ಇದಕ್ಕೆ ತಿರುವುಮುರುವು. ಮಗನಿಗೆ ಆರು ವರ್ಷ. ಹೊರಗೆ ಎಲ್ಲವೂ ಇಂಗ್ಲಿಷ್, ಕನ್ನಡ ಉಳಿದಿರುವುದು ಮನೆಯಲ್ಲಿ ಮತ್ತು ವಾರಾಂತ್ಯದ ಕನ್ನಡ ತರಗತಿಯಲ್ಲಿ. ಶಾಲೆಯ ಗಣಿತ ಅವನಿಗೆ ಸಲೀಸು. ಆದ್ದರಿಂದ ನಾವು ಗಣಿತದ ಬೆನ್ನೇರಿ ಕನ್ನಡವನ್ನು ಉಳಿಸಿಕೊಳ್ಳಲು ಹೊರಟವರು. ಹೀಗೆ ಮಾಡುವಾಗ ಕಂಡ ಒಂದು ಸಂಗತಿ ವೈಟ್‌ಫೀಲ್ಡಿನ ಸರ್ ಅವರ ಪ್ರಶ್ನೆಗೆ ಸಂಬಂಧಿಸಿದೆ. ‘ಇನ್ನೆಷ್ಟು ಬೇಕು’ ಎಂಬ ವಿಚಾರ ಅವನಿಗೆ ಇಂಗ್ಲಿಷಿನಲ್ಲಿ ಮೊದಲೇ ಬಂದಿದ್ದರಿಂದ ಕನ್ನಡದ ಮಾತನ್ನು ಎರಡೇ ದಿನದಲ್ಲಿ ಹಿಡಿದ. ವಿಚಾರವನ್ನು ಎರಡು ಬಾರಿ ಕಲಿಯಬೇಕಾಗಲಿಲ್ಲ, ಹೆಸರೊಂದನ್ನು ಹೊಸದಾಗಿ ಅಂಟಿಸಿಕೊಂಡ. ಹಾಗಾದರೆ ಬೆಂಗಳೂರಿನಲ್ಲಿ, ಕನ್ನಡವೇ ಮನೆಮಾತಾಗಿರುವ ಮಗುವಿಗೆ ವಿಚಾರ ಮೊದಲು ಕನ್ನಡದಲ್ಲಿ ಬಂದು, ಅದರ ಮೇಲೆ ಇಂಗ್ಲಿಷ್ ಹೆಸರು ಕೂರುವುದೇ ಸುಲಭ ಎಂದು ನನ್ನ ಊಹೆ.

ನಾವು ನೆಚ್ಚಿಕೊಂಡಿರುವುದು ಚೌಕಾಬಾರವನ್ನು. ನನ್ನ ಅಮ್ಮ ಬಂದಾಗ ನಾಲ್ಕು ಕವಡೆ ತಂದಿದ್ದರು, ರಟ್ಟಿನ ಮೇಲೆ ಐದು ಐದು ಮನೆ ಗೀಚಿಕೊಂಡೆವು. ಕವಡೆ ಬಿದ್ದ ತಕ್ಷಣ ಎಣಿಸದೆ ‘ಮೂರು’ ಎಂದು ಗುರುತಿಸುವುದು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಬಾರ ಎಂದರೆ ಎಂಟು. ಬಾರ ಎಂದರೆ ಹನ್ನೆರಡಲ್ಲವೇ ಎಂದು ಪಕ್ಕದ ಮನೆಯ ಹಿಂದಿ ಹುಡುಗ ಜಗಳ ತೆಗೆದ ದಿನ ಒಳ್ಳೆಯ ಮೋಜು! ಆಟದಲ್ಲಿ ನನ್ನ ಮಗ ಬಹಳ ದಿನ ಮಾಡುತ್ತಿದ್ದ ತಪ್ಪೆಂದರೆ ಕಾಯಿ ನಿಂತಿರುವ ಮನೆಯನ್ನೇ ‘ಒಂದು’ ಎಂದು ಎಣಿಸುವುದು. ಅಮ್ಮ ಬೈಯಲಿಲ್ಲ, “ಅದು ನೀನಿರೋ ಮನೆ, ಹೊರಟ ಮೇಲೆ ಒಂದು” ಎಂದು ಪ್ರತಿ ಸಲವೂ ಹೇಳಿದರು. ‘ಇರುವಲ್ಲಿಂದ’, ‘ದಾಟಿ’, ‘ಮುಂದಿನ’, ‘ಇನ್ನೊಂದು ಬಿದ್ದರೆ’ ಎಂಬ ಮಾತುಗಳು ಅಲ್ಲಿಯೇ ಅವನಿಗೆ ಬಂದವು. ಸಂಖ್ಯೆ ಬರೆದ ಹತ್ತು ಮನೆಗಳ ಸರಳ ಆಟವನ್ನು ಎರಡು ವಾರದಲ್ಲಿ ನಾಲ್ಕು ಬಾರಿ, ಒಂದೊಂದು ಬಾರಿ ಕಾಲು ಗಂಟೆಯಷ್ಟು ಆಡಿಸಿದರೂ ಬಡ ಕುಟುಂಬದ ಪುಟ್ಟ ಮಕ್ಕಳ ಸಂಖ್ಯಾಜ್ಞಾನ ಚೆನ್ನಾಗಿ ಹೆಚ್ಚುತ್ತದೆ ಎಂದು ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ತೋರಿಸಿದ್ದಾರೆ. ಕಾಯಿ ಆರರ ಮನೆಯಲ್ಲಿದ್ದು ಎರಡು ಬಿದ್ದರೆ ಮಗು ‘ಒಂದು, ಎರಡು’ ಎನ್ನದೆ ‘ಏಳು, ಎಂಟು’ ಎಂದು ಹೇಳುತ್ತ ನಡೆಸಬೇಕು ಎಂಬುದು ಆ ಆಟದ ಮುಖ್ಯ ನಿಯಮ. ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆಯ ಹಾಳೆಗಿಂತ ಇದು ಮೇಲು.

ನನಗೆ ಉಳಿದಿರುವ ಕಷ್ಟವೆಂದರೆ ಅವನು ‘ಎರಡು ಅಜ್ಜಿ’, ‘ಮೂರು ಅಣ್ಣ’ ಎನ್ನುವುದು. ಇದನ್ನು ತಿದ್ದುವುದು ಹೇಗೆ?

ಉತ್ತರ: ನಿವೃತ್ತ ಕನ್ನಡ ಉಪನ್ಯಾಸಕ, ಮೈಸೂರು

ಚರ್ಚೆಯನ್ನು ಓದಿ ಸಂತೋಷವಾಯಿತು. ನಾನು ಗಣಿತದವನಲ್ಲ, ಆದರೆ ಇಲ್ಲಿ ಎದ್ದಿರುವ ತೊಡಕುಗಳಲ್ಲಿ ಅರ್ಧಕ್ಕರ್ಧ ವ್ಯಾಕರಣಕ್ಕೆ ಸೇರಿದವು. ಗಣಿತದ ಪದ ಎಂದೊಡನೆ ನಾವು ವೃತ್ತ, ತ್ರಿಭುಜ, ಮೊತ್ತ ಎಂದು ನಾಮಪದಗಳ ಪಟ್ಟಿ ಮಾಡಲು ಹೊರಡುತ್ತೇವೆ. ಕನ್ನಡದಲ್ಲಿ ಲೆಕ್ಕದ ಜೀವ ಇರುವುದು ಪ್ರತ್ಯಯಗಳಲ್ಲಿ. ಏಳಕ್ಕೆ ಎರಡು, ಏಳರಲ್ಲಿ ಎರಡು, ಏಳಕ್ಕಿಂತ ಎರಡು, ಏಳರವರೆಗೆ, ಏಳರಿಂದ, ಏಳರಷ್ಟು: ಏಳು ಹಾಗೆಯೇ ಇದೆ, ಬಾಲ ಬದಲಾದಂತೆ ಮಾಡಬೇಕಾದ ಕೆಲಸವೇ ಬದಲಾಗುತ್ತದೆ. ಬಾಯಿಪಾಠದ ಮಗು ‘ಏಳು’ ಎಂಬುದನ್ನಷ್ಟೇ ಕೇಳಿಸಿಕೊಂಡು ಬಾಲವನ್ನು ಬಿಟ್ಟುಬಿಡುತ್ತದೆ. ಕಡಲೆಕಾಯಿಯ ಮಗು ಕೂಡ ‘ನಿನ್ನದು ಎಷ್ಟು’ ಎಂಬುದನ್ನು ಹಿಡಿದುಕೊಂಡು ‘ನನ್ನದಕ್ಕಿಂತ’ ಎಂಬುದನ್ನು ಕೈಬಿಟ್ಟಿತು. ಹೋಲಿಸುವಾಗ ಇಂಗ್ಲಿಷಿನಲ್ಲಿ ವಿಶೇಷಣದ ರೂಪವೇ ಬದಲಾಗಿ ‘ಬಿಗ್’ ಎಂಬುದು ‘ಬಿಗ್ಗರ್’ ಆಗುತ್ತದೆ. ನಮ್ಮಲ್ಲಿ ‘ದೊಡ್ಡದು’ ದೊಡ್ಡದಾಗಿಯೇ ಉಳಿದು, ಹೋಲಿಕೆಯ ಭಾರವನ್ನೆಲ್ಲ ‘ಗಿಂತ’ ಒಂದೇ ಹೊರುತ್ತದೆ. ಆದ್ದರಿಂದ ‘ಆರು, ಒಂಬತ್ತು, ಯಾವುದು ದೊಡ್ಡದು’ ಎಂದು ಬರಿದಾಗಿ ಕೇಳುವ ಬದಲು ‘ಆರಕ್ಕಿಂತ ಒಂಬತ್ತು ದೊಡ್ಡದು, ಒಂಬತ್ತಕ್ಕಿಂತ ಆರು ಚಿಕ್ಕದು’ ಎಂದು ಎರಡೂ ಕಡೆಯಿಂದ ಆಡಿ ತೋರಿಸಬೇಕು. ಬೀಜಗಳ ವಿಷಯದಲ್ಲಿ ‘ದೊಡ್ಡದು’ ಎನ್ನದೆ ‘ಹೆಚ್ಚು’ ಎನ್ನುವುದು ಒಳ್ಳೆಯದು, ಇಲ್ಲವಾದರೆ ಮಗು ದಪ್ಪ ಬೀಜವನ್ನು ತೋರಿಸುತ್ತದೆ. ‘ಹೆಚ್ಚು’ ಎಂದರೆ ತರಕಾರಿ ಹೆಚ್ಚುವುದೂ ಆಗುತ್ತದೆ, ಆದರೆ ಅದರಿಂದ ಮಕ್ಕಳು ದಾರಿ ತಪ್ಪಿದ್ದನ್ನು ನಾನು ಕಂಡಿಲ್ಲ. ‘ಸಮ’ ಎಂಬುದರಿಂದ ತಪ್ಪುವುದನ್ನು ಕಂಡಿದ್ದೇನೆ: ಇಬ್ಬರಿಗೂ ಸಮವಾಗಿ ಹಂಚು ಎಂಬಲ್ಲಿಯ ಸಮವೂ ಸಮಸಂಖ್ಯೆ ಎಂಬಲ್ಲಿಯ ಸಮವೂ ಒಂದೇ ಪದ. ಇಬ್ಬರಿಗೆ ಸಮನಾಗಿ ಹಂಚಿ ಏನೂ ಉಳಿಯದಿದ್ದರೆ ಅದು ಸಮಸಂಖ್ಯೆ ಎಂದು ಎರಡನ್ನೂ ಹೊಲಿದುಬಿಟ್ಟರೆ ತೊಡಕೇ ಉಪಕಾರವಾಗುತ್ತದೆ.

ನ್ಯೂಜೆರ್ಸಿಯವರ ‘ಎರಡು ಅಜ್ಜಿ’ಗೆ ಬರುತ್ತೇನೆ. ಕನ್ನಡದಲ್ಲಿ ಮನುಷ್ಯರನ್ನು ಎಣಿಸುವ ಮಾತೇ ಬೇರೆ: ಒಬ್ಬ, ಒಬ್ಬಳು, ಇಬ್ಬರು, ಮೂವರು, ನಾಲ್ವರು, ಐವರು. ಅದರಾಚೆ ರೂಢಿಯಲ್ಲಿ ಆರು ಜನ, ಏಳು ಮಂದಿ. ‘ಎರಡು ಮಕ್ಕಳು’ ಎನ್ನುವ ಬಳಕೆ ಇದೆ, ಏಕೆಂದರೆ ಮಗು ನಪುಂಸಕಲಿಂಗ, ಹಾಗಾಗಿ ವೈಟ್‌ಫೀಲ್ಡಿನವರ ಅಡ್ಡಹೆಸರನ್ನು ನಾನು ತಿದ್ದಲು ಹೋಗುವುದಿಲ್ಲ. ಅಜ್ಜಿಯರು ಮಾತ್ರ ಇಬ್ಬರೇ. ಊಟಕ್ಕೆ ತಟ್ಟೆ ಇಡುವ ಕೆಲಸವನ್ನು ಹುಡುಗನಿಗೆ ವಹಿಸಿ. “ನಾವು ನಾಲ್ವರು, ತಟ್ಟೆ ನಾಲ್ಕು, ಒಬ್ಬೊಬ್ಬರಿಗೆ ಎರಡೆರಡು ಚಪಾತಿ” ಎಂದು ದಿನವೂ ಕೇಳಿದರೆ ಜನರ ಎಣಿಕೆ, ವಸ್ತುವಿನ ಎಣಿಕೆ, ಹಂಚುವ ಎಣಿಕೆ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ಆ ‘ಎರಡೆರಡು’ ಎಂಬ ದ್ವಿರುಕ್ತಿಯನ್ನು ಕಡೆಗಣಿಸಬೇಡಿ, ಮುಂದೆ ಬರುವ ಗುಣಾಕಾರ ಭಾಗಾಕಾರಗಳೆರಡೂ ಅದರೊಳಗೆ ಮೊಳಕೆಯಾಗಿ ಕುಳಿತಿವೆ.

ಸಂಖ್ಯೆಗಳ ಹೆಸರಿನಲ್ಲಿಯೂ ನಮಗೆ ಒಂದು ಅನುಕೂಲವಿದೆ. ಹದಿಮೂರು ಎಂದರೆ ಹತ್ತು ಮತ್ತು ಮೂರು ಎಂಬುದು ಕಿವಿಗೇ ಕೇಳುತ್ತದೆ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು ಬಂದು, ಅದು ‘ಥರ್ಟಿ’ಯೊಡನೆ ಕಲಸಿಹೋಗುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂಬಲ್ಲೆಲ್ಲ ಎರಡು ಹತ್ತು, ಮೂರು ಹತ್ತು ಎಂಬ ಅರ್ಥ ಹೆಸರಿನೊಳಗೇ ಇದೆ, ತೊಂಬತ್ತು ಒಂದು ಸ್ವಲ್ಪ ಮುಖ ಮರೆಸಿಕೊಂಡಿದೆ. ಭಿನ್ನರಾಶಿಯಲ್ಲಂತೂ ‘ಮುಕ್ಕಾಲು’ ಎಂದರೆ ಮೂರು ಕಾಲು ಎಂದು ಬಿಡಿಸಿ ಹೇಳಿದರೆ ಮಗುವಿಗೆ ಅರ್ಧ ಪಾಠ ಮುಗಿದಂತೆಯೇ. ಅಡುಗೆಮನೆಯಲ್ಲಿ ಪಾವು, ಅಚ್ಚೇರು, ಸೇರು ಇನ್ನೂ ಇದ್ದರೆ ಅವನ್ನು ಮಗುವಿನ ಕೈಗೆ ಕೊಡಿ. ಪಾವು ಎಂದರೆ ಕಾಲು ಸೇರು, ಅಚ್ಚೇರು ಎಂದರೆ ಅರ್ಧ ಸೇರು. ಅಕ್ಕಿ ಸುರಿದು ತುಂಬಿಸಿದರೆ ಎರಡು ಪಾವಿಗೆ ಅಚ್ಚೇರು ತುಂಬುವುದು ಕಣ್ಣಿಗೇ ಕಾಣುತ್ತದೆ.

ಕೊನೆಯದಾಗಿ ರಂಗೋಲಿ, ಏಕೆಂದರೆ ನನ್ನ ಹೆಂಡತಿ ಪಕ್ಕದಲ್ಲೇ ಕುಳಿತು ಇದನ್ನು ಬರೆಯಲೇಬೇಕು ಎನ್ನುತ್ತಿದ್ದಾಳೆ. ‘ಏಳು ಚುಕ್ಕಿ, ಏಳು ಸಾಲು’ ಒಂದು ಬಗೆ. ನಡುವೆ ಏಳು ಇಟ್ಟು, ಮೇಲೂ ಕೆಳಗೂ ಸಂದು ಚುಕ್ಕಿಯಾಗಿ ಆರು, ಐದು ಎಂದು ಒಂದರವರೆಗೆ ಇಳಿಯುವುದು ಇನ್ನೊಂದು ಬಗೆ. ಎರಡರಲ್ಲಿಯೂ ಒಟ್ಟು ಚುಕ್ಕಿಗಳು ನಲವತ್ತೊಂಬತ್ತು! ನಾನು ನಂಬದೆ ಎಣಿಸಿ ನೋಡಿದೆ. ಸಾಲು, ನಡು, ಸಂದು, ಮೂಲೆ, ನೇರ, ಓರೆ, ಒಂದು ಬಿಟ್ಟು ಒಂದು: ಇಷ್ಟು ಮಾತುಗಳನ್ನು ಯಾವ ಕಾರ್ಡಿನ ಕಟ್ಟು ಕೊಡುತ್ತದೆ?

ಉತ್ತರ: ನಲಿಕಲಿ ಟೀಚರ್, ಹಾವೇರಿ ಜಿಲ್ಲೆ

ವೈಟ್‌ಫೀಲ್ಡಿನ ಸರ್ ಅವರಿಗೆ: ನಿಮ್ಮ ದೊಡ್ಡ ಮಗನಿಗೆ ಆದ ತೊಂದರೆ ನಿಜವಾದದ್ದೇ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅದು ಕನ್ನಡದಲ್ಲಿ ಕಲಿತದ್ದರ ಫಲವಲ್ಲ, ಎರಡು ಭಾಷೆಗಳ ನಡುವೆ ಯಾರೂ ಸೇತುವೆ ಹಾಕದಿದ್ದುದರ ಫಲ ಎಂದು ನನಗೆ ತೋರುತ್ತದೆ. ಮಗು ಬೀಜಗಳನ್ನು ಸರಿಸಿ “ಇನ್ನೂ ಮೂರು ಬೇಕು” ಎಂದು ಹೇಳಿದ ಕ್ಷಣದಲ್ಲೇ “ಇದನ್ನೇ ನಿಮ್ಮ ಶಾಲೆಯಲ್ಲಿ ತ್ರೀ ಮೋರ್ ಎನ್ನುತ್ತಾರೆ” ಎಂದು ಒಂದು ಮಾತು ಸೇರಿಸಿದರೆ ಸಾಕು. ಮೊದಲು ಇಂಗ್ಲಿಷಿನಲ್ಲೇ ಹೇಳಲು ಹೋದರೆ ಅಮ್ಮ, ಅಜ್ಜಿ ಇಬ್ಬರ ಮಾತೂ ಬಡವಾಗುತ್ತದೆ. ‘ಬೊಗಸೆ’, ‘ಚಿಟಿಕೆ’, ‘ಗೇಣು’, ‘ನಾಡಿದ್ದು’ ಎಂದು ಸಹಜವಾಗಿ ಆಡುವವರು ಇಂಗ್ಲಿಷಿನಲ್ಲಿ ‘ಕೌಂಟ್, ಕೌಂಟ್’ ಎನ್ನುವುದರಲ್ಲೇ ನಿಂತುಬಿಡುತ್ತಾರೆ. ಎರಡನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮನೆಯವರು ಆಡಿದ ಸಂಖ್ಯೆಯ ಮಾತು ಎಷ್ಟಿತ್ತು ಎಂಬುದಕ್ಕೂ, ಅದೇ ಮಗು ನಾಲ್ಕು ವರ್ಷಕ್ಕೆ ಸಮೀಪಿಸಿದಾಗ ಸಂಖ್ಯೆಯ ಅರ್ಥವನ್ನು ಎಷ್ಟು ಅರಿತಿತ್ತು ಎಂಬುದಕ್ಕೂ ನಂಟಿದೆ ಎಂದು ಶಿಕಾಗೋ ವಿಶ್ವವಿದ್ಯಾಲಯದ ಸೂಸನ್ ಲೆವೀನ್ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದರು. ಅದರಲ್ಲಿಯೂ ಕಣ್ಣ ಮುಂದಿರುವ ವಸ್ತುಗಳನ್ನು ತೋರಿಸಿ ಎಣಿಸಿದ ಮಾತಿಗೆ ಹೆಚ್ಚು ಬಲ. ಅಷ್ಟು ಮಾತು ಧಾರಾಳವಾಗಿ ಹರಿಯುವುದು ನಮಗೆ ಬರುವ ಭಾಷೆಯಲ್ಲಿ.

ವಾರದ ಹೆಸರುಗಳನ್ನು ಕಾರ್ಡಿನಿಂದ ಕಲಿಸಿ, ನನ್ನ ತಕರಾರಿಲ್ಲ. ಆಕಾರದ ಹೆಸರಿನಲ್ಲಿ ಮಾತ್ರ ಎಚ್ಚರಿಕೆ. ಕಾರ್ಡಿನಲ್ಲಿ ಚೌಕ ಯಾವಾಗಲೂ ನೆಟ್ಟಗೆ ಕುಳಿತಿರುತ್ತದೆ, ಅದನ್ನೇ ಮೂಲೆಯ ಮೇಲೆ ನಿಲ್ಲಿಸಿದರೆ ನನ್ನ ಅರ್ಧ ತರಗತಿ ಅದು ಚೌಕವಲ್ಲ ಎನ್ನುತ್ತದೆ.

ಪ್ರಶ್ನೆ ಕೇಳಿದವರಿಂದ: ಯುಕೆಜಿ ಅಮ್ಮ, ಬೆಂಗಳೂರು

ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಬೇಕು. ಟೀಚರ್ ಹೇಳಿದಂತೆ ಅಂದೇ ಸಂಜೆ ಎಂಟು ಮತ್ತು ಐದು ಬೀಜಗಳನ್ನಿಟ್ಟು “ನನಗೂ ನಿನ್ನಷ್ಟೇ ಆಗಬೇಕಾದರೆ ಇನ್ನೆಷ್ಟು ಬೇಕು?” ಎಂದು ಕೇಳಿದೆ. ಅವಳು ಎಣಿಸಲೇ ಇಲ್ಲ. ತನ್ನ ಸಾಲಿಗೆ ನನ್ನ ಸಾಲನ್ನು ಎದುರುಬದುರು ಜೋಡಿಸಿ, ಜೊತೆಯಿಲ್ಲದ ಮೂರನ್ನು ಬೆರಳಿನಿಂದ ಮುಚ್ಚಿ “ಇಷ್ಟು” ಎಂದಳು. ಆಮೇಲೆ ಅದೇ ಮೂರನ್ನು ಬಾಯಿಗೆ ಹಾಕಿಕೊಂಡು “ಈಗ ಸಮ” ಎಂದಳು. ನಾನು ಎರಡನೆಯ ಉತ್ತರವನ್ನು ಯೋಚಿಸಿಯೇ ಇರಲಿಲ್ಲ.

ಈಗ ರಾತ್ರಿ ತಟ್ಟೆ ಹಾಕುವುದು, ಅಕ್ಕಿ ಅಳೆಯುವುದು ಅವಳ ಕೆಲಸ. ಪಾವು ತುಂಬಿದ ಮೇಲೆ ಅಂಚಿಗೆ ಸಮವಾಗಿ ಕೈಯಿಂದ ಗೀರಬೇಕೋ ಗೋಪುರ ಬಿಡಬೇಕೋ ಎಂದು ಅವಳಿಗೂ ಅತ್ತೆಯವರಿಗೂ ದಿನವೂ ವಾದ ನಡೆಯುತ್ತದೆ. ಅತ್ತೆಯವರು ಗೋಪುರದ ಪಕ್ಷ. ದೋಸೆ ಹರಿದು ಕೊಟ್ಟಾಗ “ದೊಡ್ಡ ಅರ್ಧ ನನಗೆ” ಎಂದು ಕೇಳುತ್ತಾಳೆ. ಅರ್ಧದಲ್ಲಿ ದೊಡ್ಡದು ಇರುವುದಿಲ್ಲ ಎಂದು ಇನ್ನೂ ಒಪ್ಪಿಸಲಾಗಿಲ್ಲ. ಶಾಲೆಯ ಹಾಳೆಯಲ್ಲಿ ‘ಗ್ರೇಟರ್’ ಸರಿಹೋಗಿದೆ, ‘ಬಿಫೋರ್’ ಇನ್ನೂ ತಪ್ಪುತ್ತಿದೆ. ಡೈರಿಯಲ್ಲಿ ನಾನು ಮನೆಯಲ್ಲಿ ಕನ್ನಡದಲ್ಲೇ ಆಡಿಸುತ್ತಿದ್ದೇವೆಂದು ವಿನಯದಿಂದಲೇ ಬರೆದೆ, ಉತ್ತರವೇನೂ ಬಂದಿಲ್ಲ. ಚೌಕಾಬಾರಕ್ಕೆ ಕವಡೆ ಸಿಗದೆ ಹುಣಸೆ ಬೀಜವನ್ನು ಒಂದು ಮಗ್ಗುಲು ತೇಯ್ದು ಬಿಳಿ ಮಾಡಿಕೊಂಡಿದ್ದೇವೆ.

ಮೈಸೂರಿನ ಸರ್ ಅವ​ರಲ್ಲಿ ಒಂದು ಪ್ರಶ್ನೆ ಉಳಿದಿದೆ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು ಎಂದು ಪೊರಕೆ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ತೋರಿಸುತ್ತ ಹೋದೆ. ತೊಂಬತ್ತು ಮುಗಿದು ಹತ್ತನೆಯ ಕಟ್ಟು ಇಟ್ಟಾಗ ಅವಳು “ಹತ್ತತ್ತು” ಎಂದಳು. ಅಲ್ಲ ಕಂದ, ನೂರು ಎಂದೆ. “ಹತ್ತು ಹತ್ತು ಇದೆ, ಹತ್ತತ್ತು ಯಾಕಲ್ಲ?” ಎಂದು ಎರಡು ದಿನದಿಂದ ಕೇಳುತ್ತಿದ್ದಾಳೆ. ನಾನು ಏನು ಹೇಳಲಿ?